ಗೋಡೆ ಒಡೆದಾಗ ಒಳಗೆ ಕಬ್ಬಿಣ ಸಿಕ್ಕಿತಾ? ಕಟರ್ ಹಚ್ಚುವ ಮುಂಚೆ ಇದನ್ನು ಓದಿ

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ – ಈ ಕಡೆ ಯಾವ ರಸ್ತೆಗೆ ಹೋದರೂ ಒಂದಲ್ಲ ಒಂದು ಕಟ್ಟಡದಲ್ಲಿ ಒಳಗೋಡೆ ಒಡೆಯುವ ಕೆಲಸ ನಡೀತಾ ಇರುತ್ತೆ. ಎರಡು ಮಳಿಗೆ ಸೇರಿಸಿ ಒಂದು ಮಾಡೋದು, ಹಾಲ್ ದೊಡ್ಡದು ಮಾಡೋದು, ಹಳೇ ಮನೆಯನ್ನು ಹೋಟೆಲ್‌ಗೋ ಶೋರೂಮ್‌ಗೋ ಬಾಡಿಗೆಗೆ ಕೊಡೋದು. ಪ್ಲಾಸ್ಟರ್ ಉದುರಿ ನಾಲ್ಕು ಸಾಲು ಇಟ್ಟಿಗೆ ಕೆಳಗೆ ಬಿದ್ದ ಮೇಲೆ, ಯಾರೂ ನಿರೀಕ್ಷೆ ಮಾಡದ ಒಂದು ಕಬ್ಬಿಣದ ತುಂಡು ಗೋಡೆಯೊಳಗಿಂದ ಇಣುಕುತ್ತೆ.

ಆಗ ಕೆಲಸದವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: "ಹಳೇ ಕಬ್ಬಿಣ ಸಾರ್, ಕಟ್ ಮಾಡಿ ಗುಜರಿಗೆ ಹಾಕಿಬಿಡೋಣ." ಮಾಲೀಕರಿಗೂ ಬಾಡಿಗೆ ದಿನದ ಲೆಕ್ಕದಲ್ಲಿ ಓಡ್ತಾ ಇರುತ್ತೆ, ಕೆಲಸ ಬೇಗ ಮುಗಿಯಬೇಕು. "ಸರಿ" ಅಂದುಬಿಡ್ತಾರೆ.

ಆ "ಸರಿ" ಹೇಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು. ಈ ಕಬ್ಬಿಣದ ಮೇಲೆ ಏನು ಕೂತಿದೆ? ಗೋಡೆಯೊಳಗೆ ಕಬ್ಬಿಣ ತಾನಾಗಿ ಬೆಳೆಯಲ್ಲ. ಯಾರೋ ದುಡ್ಡು ಕೊಟ್ಟು ತಂದು, ಎತ್ತಿ ಕೂರಿಸಿದ್ದಾರೆ. ಯಾಕೆ ಕೂರಿಸಿದರು ಅಂತ ಗೊತ್ತಾಗುವವರೆಗೆ ಅದನ್ನು ಕಟ್ಟಡ ಹೊತ್ತಿರುವ ಕಬ್ಬಿಣ ಅಂತಲೇ ಭಾವಿಸಬೇಕು.

ನಮ್ಮ ಕಡೆ ಕಟ್ಟಡಗಳು ನಾಲ್ಕು ಥರ

ಯಾವ ಕಬ್ಬಿಣ ಸಿಗುತ್ತೆ ಅನ್ನೋದು ಕಟ್ಟಡ ಯಾವ ಕಾಲದ್ದು ಅನ್ನೋದರ ಮೇಲೆ ನಿಂತಿದೆ.

ಒಂದು, ದಂಡು ಪ್ರದೇಶದ ಹಳೇ ಕಟ್ಟಡಗಳು. ದಂಡು ಶುರುವಾಗಿದ್ದು 1809ರಲ್ಲಿ. 1898ರ ಪ್ಲೇಗ್ ಆದ ಮೇಲೆ ಫ್ರೇಜರ್ ಟೌನ್‌ನಂಥ ಹೊಸ ಬಡಾವಣೆಗಳು ಬಂದವು. ಆ ಕಾಲದ ಮನೆ, ಮಳಿಗೆಗಳಲ್ಲಿ ಗಾರೆ ಸುಣ್ಣದ ಗೋಡೆ, ಮೇಲೆ ಮದ್ರಾಸ್ ತಾರಸಿ. ಅಂದರೆ ಮರದ ಜಂತೆಗಳನ್ನು ಸಾಲಾಗಿ ಇಟ್ಟು, ಅದರ ಮೇಲೆ ಸಣ್ಣ ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದಲ್ಲಿ ಕೂರಿಸೋದು. ಕೋಣೆ ಅಗಲವಾಗಿದ್ದರೆ ಜಂತೆಗಳ ಕೆಳಗೆ ಅಡ್ಡಲಾಗಿ ಒಂದು ದಪ್ಪ ತೊಲೆ ಅಥವಾ ಕಬ್ಬಿಣದ ಗರ್ಡರ್ ಇರುತ್ತೆ. ಇನ್ನು ಕೆಲವು ಕಡೆ ಗರ್ಡರ್‌ಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನು ಕಟ್ಟಿರುತ್ತಾರೆ. ಇದಕ್ಕೆ ಜ್ಯಾಕ್ ಆರ್ಚ್ ಅಂತಾರೆ. ಕೆಳಗೆ ನಿಂತು ನೋಡಿದರೆ ಸೂರು ಅಲೆ ಅಲೆಯಾಗಿ ಕಾಣುತ್ತೆ.

ಎರಡು, ಕಲ್ಲು ಚಪ್ಪಡಿ ಸೂರಿನ ಮನೆಗಳು. ಹಲಸೂರಿನ ಹಳೇ ಬೀದಿಗಳಲ್ಲಿ, ಕೆ.ಆರ್. ಪುರದ ಸುತ್ತ ಹಳ್ಳಿಯಾಗಿದ್ದ ಜಾಗಗಳಲ್ಲಿ ಇಂಥವು ಈಗಲೂ ಇವೆ. ಚಪ್ಪಡಿಯ ಎರಡು ತುದಿ ಗೋಡೆ ಮೇಲೆ, ಇಲ್ಲವೇ ಗರ್ಡರ್ ಮೇಲೆ ಕೂತಿರುತ್ತೆ. ಒಳಗೋಡೆ ಇರುವ ಜಾಗದಲ್ಲೇ ಎರಡು ಕಡೆಯ ಚಪ್ಪಡಿಗಳ ತುದಿ ಬಂದು ಸೇರೋದು ಸಾಮಾನ್ಯ. ಆ ಗೋಡೆ ಹೋದರೆ ಎರಡೂ ಕಡೆಯ ಸೂರು ಹೋದಂತೆ.

ಮೂರು, ಇಂದಿರಾನಗರದಂಥ ಬಡಾವಣೆಗಳಲ್ಲಿ 1970, 80ರ ದಶಕಗಳಲ್ಲಿ ಎದ್ದ ಮನೆಗಳು. ಇವುಗಳಲ್ಲಿ ಸೂರಿಗೆ ಆರ್‌ಸಿಸಿ ಮೋಲ್ಡ್ ಇದ್ದರೂ ಪಿಲ್ಲರ್ ಇಲ್ಲದೆ, 9 ಇಂಚಿನ ಗೋಡೆಯೇ ಭಾರ ಹೊತ್ತಿರೋದು ಬಹಳ. 100 ಅಡಿ ರಸ್ತೆ, 12ನೇ ಮೇನ್, ಸಿಎಂಎಚ್ ರಸ್ತೆಯ ಕಡೆ ಇವತ್ತು ಅಂಗಡಿ, ಕೆಫೆ ಆಗಿರುವ ಎಷ್ಟೋ ಕಟ್ಟಡ ಮೂಲದಲ್ಲಿ ಇಂಥ ಮನೆಗಳೇ.

ನಾಲ್ಕು, ಪಿಲ್ಲರ್-ಬೀಮ್ ಹಾಕಿ ಕಟ್ಟಿದ ಈಚಿನ ಕಟ್ಟಡಗಳು ಮತ್ತು ದೊಡ್ಡ ಅಪಾರ್ಟ್‌ಮೆಂಟ್‌ಗಳು. ಇಲ್ಲಿ ಬ್ಲಾಕ್ ಗೋಡೆ ಬರೀ ತಡಿಕೆಯಂತೆ ಇರಬಹುದು. ಆದರೆ ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯ ಕೆಲವು ಹೊಸ ಬಹುಮಹಡಿಗಳಲ್ಲಿ ಗೋಡೆಯೇ ಕಾಂಕ್ರೀಟ್. ಮೈವಾನ್ ಅಂತ ಕರೆಯುವ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಸೂರು ಒಟ್ಟಿಗೇ ಸುರಿದಿರುತ್ತಾರೆ. ಅಲ್ಲಿ ತೆಗೆಯಬಹುದಾದ ಗೋಡೆ ಇಲ್ಲ ಅಂತಲೇ ತಿಳಿಯಿರಿ.

ಸಿಕ್ಕಿದ್ದು ಏನು? ಆಕಾರ ನೋಡಿ

ಟೊಳ್ಳು ಪೈಪು. ತಟ್ಟಿದರೆ ಟಣ್ ಅನ್ನುತ್ತೆ, ಜೋಡಣೆಯಲ್ಲಿ ಮರೆ ಇರುವ ಕಪ್ಲಿಂಗ್, ಎಲ್ಬೋ ಕಾಣುತ್ತೆ. ಹಳೇ ಕರೆಂಟ್ ವೈರಿನ ಕಬ್ಬಿಣದ ಪೈಪೋ, ಜಿಐ ನೀರಿನ ಪೈಪೋ ಆಗಿರುತ್ತೆ. ಕಟ್ಟಡದ ಭಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಒಳಗಿನ ವೈರಿನಲ್ಲಿ ಕರೆಂಟ್ ಇರಬಹುದು, ಮೇನ್ ಆಫ್ ಮಾಡದೆ ಮುಟ್ಟಬೇಡಿ. ಒಂದು ಎಚ್ಚರಿಕೆ: ಮೂರ್ನಾಲ್ಕು ಇಂಚು ದಪ್ಪದ ಪೈಪು ನೆಟ್ಟಗೆ ನಿಂತಿದ್ದು, ತಲೆ ಮೇಲೆ ಅಥವಾ ಕಾಲ ಕೆಳಗೆ ಪ್ಲೇಟ್ ಇದ್ದರೆ ಅದು ಪೈಪಲ್ಲ, ಕಂಬ.

ಹೋಲ್ಡ್ ಫಾಸ್ಟ್, ಕ್ಲ್ಯಾಂಪು. ಒಂದಡಿ ಉದ್ದದ ಪಟ್ಟಿ, ತುದಿ ಸೀಳಿ ಎರಡು ಕಡೆಗೆ ಬಗ್ಗಿಸಿರುತ್ತೆ. ಬಾಗಿಲು, ಕಿಟಕಿ ಚೌಕಟ್ಟು ಹಿಡಿಯಲು ಹಾಕಿದ್ದು. ಚಿಂತೆ ಇಲ್ಲ.

ತೆಳು ಕಬ್ಬಿಣದ ಪಟ್ಟಿ ಅಥವಾ ಸಣ್ಣ ಕಂಬಿ, ಮೂರು-ನಾಲ್ಕು ಸಾಲಿಗೊಮ್ಮೆ ಅಡ್ಡಲಾಗಿ. ನಾಲ್ಕೂವರೆ ಇಂಚಿನ ತೆಳು ಗೋಡೆ ಗಟ್ಟಿಯಾಗಿ ನಿಲ್ಲಲಿ ಅಂತ ಇಟ್ಟಿಗೆ ಸಾಲುಗಳ ನಡುವೆ ಹಾಕುತ್ತಿದ್ದ ಪಟ್ಟಿ ಇದು. ಇದು ಸಿಕ್ಕರೆ ಗೋಡೆ ಬರೀ ಅಡ್ಡಗೋಡೆ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಇದೊಂದನ್ನೇ ನಂಬಬೇಡಿ. ವರ್ಷಗಳಾದಂತೆ ಮೇಲಿನ ಸೂರು ಕುಸಿದು ತೆಳು ಗೋಡೆ ಮೇಲೆ ಕೂತಿರಬಹುದು.

7 ಅಡಿ ಎತ್ತರದಲ್ಲಿ ನಾಲ್ಕೈದು ಅಡಿ ಉದ್ದದ ತುಂಡು. ಆಂಗಲ್ ಆಗಿರಬಹುದು, ದಪ್ಪ ಪಟ್ಟಿ ಆಗಿರಬಹುದು, ಕಂಬಿ ಹಾಕಿದ ಕಾಂಕ್ರೀಟ್ ಆಗಿರಬಹುದು. ಇದು ಲಿಂಟಲ್. ಹಿಂದೆ ಅಲ್ಲೊಂದು ಬಾಗಿಲು ಇತ್ತು, ಆಮೇಲೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಲಿಂಟಲ್ ಕೆಳಗೆ ತುಂಬಿಸಿದ ಇಟ್ಟಿಗೆ ತೆಗೆದರೆ ಹಳೇ ಬಾಗಿಲು ಮತ್ತೆ ಸಿಗುತ್ತೆ. ನಿಮಗೆ ಅಷ್ಟು ದಾರಿ ಸಾಕಾಗುತ್ತಾ ಅಂತ ಯೋಚಿಸಿ. ಲಿಂಟಲ್ ತೆಗೆದರೆ ಅದರ ಮೇಲಿನ ಇಟ್ಟಿಗೆ ನಿಲ್ಲಲ್ಲ.

ಐ ಆಕಾರದ ಗರ್ಡರ್. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನೆಟ್ಟಗಿನ ತಗಡು. ಸೂರಿಗೆ ಹತ್ತಿರದಲ್ಲಿ ಇದು ಮಲಗಿದ್ದರೆ ಅನುಮಾನವೇ ಬೇಡ, ಭಾರ ಹೊತ್ತಿದೆ. ಬದಿಯ ತಗಡಿನ ಮೇಲೆ ಉಬ್ಬು ಅಕ್ಷರ ಇದೆಯಾ ಅಂತ ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಡಾರ್ಮನ್ ಲಾಂಗ್ ಅಂತ ಇದ್ದರೆ ಇಂಗ್ಲೆಂಡಿನ ಮಿಡಲ್ಸ್‌ಬರೋದಿಂದ ಹಡಗಿನಲ್ಲಿ ಬಂದ ಮಾಲು. ಟಾಟಾ ಅಂತ ಇದ್ದರೆ 1912ರ ನಂತರದ್ದು, ಯಾಕಂದರೆ ಜಮ್‌ಶೆಡ್‌ಪುರದಲ್ಲಿ ಉಕ್ಕು ಬಂದಿದ್ದೇ ಆ ವರ್ಷ. ಅಳತೆ ಇಂಚಿನಲ್ಲಿ ಸರಿಯಾಗಿ ಕೂತರೆ ಹಳೇದು, 150, 200 ಮಿಲಿಮೀಟರ್ ಅಂತ ಕೂತರೆ ದೇಶ ಮೆಟ್ರಿಕ್ ಅಳತೆಗೆ ಬಂದ ಮೇಲಿನದು. ಅಂದರೆ ನಿಮಗಿಂತ ಮುಂಚೆ ಇದ್ದವರು ಯಾರೋ ಒಂದು ಗೋಡೆ ತೆಗೆದು, ಅದರ ಬದಲಿಗೆ ಈ ಗರ್ಡರ್ ಇಟ್ಟಿರಬಹುದು.

ರೈಲು ಕಂಬಿ. ತಲೆ ಗುಂಡಗೆ, ಪಾದ ಅಗಲ. ಹಳೇ ಹಳಿಗಳನ್ನು ಹರಾಜಿನಲ್ಲಿ ಕೊಂಡು ತೊಲೆಯಾಗಿ, ಲಿಂಟಲ್ ಆಗಿ ಬಳಸೋದು ನಮ್ಮ ದೇಶದಲ್ಲಿ ಹಳೇ ರೂಢಿ. ದಂಡು ಕಡೆಗೆ ಜೋಲಾರ್‌ಪೇಟೆಯಿಂದ ರೈಲು ಬಂದಿದ್ದೇ 1864ರಲ್ಲಿ. "ಇದು ರೈಲು ಕಂಬಿ, ಯಾರೋ ಸುಮ್ಮನೆ ಹಾಕಿದ್ದಾರೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟು ಭಾರದ ವಸ್ತುವನ್ನು ಯಾರೂ ಸುಮ್ಮನೆ ಗೋಡೆಯೊಳಗೆ ಎತ್ತಿಡಲ್ಲ.

ಉದ್ದನೆಯ ಗುಂಡು ಸರಳು, ತುದಿಯಲ್ಲಿ ನಟ್ಟು ಮತ್ತು ಪ್ಲೇಟು. ಬಹಳ ಜನ ಮೋಸ ಹೋಗೋದು ಇಲ್ಲೇ. ಒಂದಿಂಚು ದಪ್ಪ ಇರೋದಿಲ್ಲ, ಮೇಲೆ ಏನೂ ಕೂತಿಲ್ಲ, ನೋಡಿದರೆ ಬಟ್ಟೆ ಒಣಗಿಸುವ ಸರಳಿನಂತೆ ಕಾಣುತ್ತೆ. ಆದರೆ ಜ್ಯಾಕ್ ಆರ್ಚ್ ಸೂರಿನಲ್ಲಿ ಕಮಾನುಗಳು ಗರ್ಡರ್‌ಗಳನ್ನು ಅಕ್ಕಪಕ್ಕಕ್ಕೆ ತಳ್ಳುತ್ತಾ ಇರುತ್ತವೆ. ಅವು ದೂರ ಸರಿಯದಂತೆ ಎಳೆದು ಹಿಡಿದಿರೋದು ಈ ಸರಳು. ಇದನ್ನು ಕತ್ತರಿಸಿದರೆ ಗರ್ಡರ್ ಸರಿಯುತ್ತೆ, ಕಮಾನು ಬಾಯಿ ಬಿಡುತ್ತೆ.

ಕಂಬಿಗಳ ಗುಂಪು. ನಾಲ್ಕು ಅಥವಾ ಹೆಚ್ಚು ಕಂಬಿ ನೆಟ್ಟಗೆ ನಿಂತು, ಸುತ್ತ ಕೆಲವು ಇಂಚಿಗೊಂದು ರಿಂಗ್ ಇದ್ದರೆ ಅದು ಗೋಡೆಯೊಳಗೆ ಮುಚ್ಚಿಹೋದ ಪಿಲ್ಲರ್. ಕಂಬಿ ನುಣುಪಾಗಿದ್ದರೆ ಬಹಳ ಹಳೇದು, ಹಗ್ಗದಂತೆ ತಿರುಚಿದ್ದರೆ ಟಾರ್ ಕಂಬಿಯ ಕಾಲದ್ದು, ಮೈಮೇಲೆ ಓರೆ ಗೆರೆಗಳ ಉಬ್ಬು ಇದ್ದರೆ ಈಚಿನ ಟಿಎಂಟಿ. ಇಡೀ ಗೋಡೆಯಲ್ಲಿ ಜಾಲರಿಯಂತೆ ಕಂಬಿ ಸಿಕ್ಕರೆ ಆ ಗೋಡೆಯೇ ಕಟ್ಟಡದ ಮೂಳೆ. ಬ್ರೇಕರ್ ಕೆಳಗಿಡಿ.

ಬೀಡು ಕಬ್ಬಿಣವೋ, ಉಕ್ಕೋ? ಹಳೇ ಕಂಬಗಳು ಬೀಡಿನವು ಆಗಿರಬಹುದು. ಆಯಸ್ಕಾಂತ ಎರಡಕ್ಕೂ ಅಂಟುತ್ತೆ, ಅದರಿಂದ ಗೊತ್ತಾಗಲ್ಲ. ಸಣ್ಣ ಡ್ರಿಲ್ ತೂತು ಹಾಕಿದರೆ ಉಕ್ಕು ಸುರುಳಿಯಾಗಿ ಬರುತ್ತೆ, ಬೀಡು ಪುಡಿಯಾಗಿ ಉದುರುತ್ತೆ. ಬೀಡು ಬಗ್ಗಲ್ಲ, ಒಮ್ಮೆಲೇ ಬಿರಿಯುತ್ತೆ. ಮಾಮೂಲಿ ವೆಲ್ಡಿಂಗ್‌ಗೂ ಒಗ್ಗಲ್ಲ. ಈ ಪರೀಕ್ಷೆಯನ್ನು ಇಂಜಿನಿಯರ್ ಮುಂದೆಯೇ ಮಾಡಿಸಿ, ತೂತು ಎಲ್ಲಿ ಹಾಕಬೇಕು ಅಂತ ಅವರೇ ತೋರಿಸಲಿ.

ಎರಡೂ ತುದಿ ಕಾಣಲಿ

ಆಕಾರದಿಂದ ಅರ್ಧ ಉತ್ತರ ಸಿಗುತ್ತೆ. ಉಳಿದರ್ಧಕ್ಕೆ ಕಬ್ಬಿಣ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ನೋಡಬೇಕು. ಇದಕ್ಕೆ ಗೋಡೆ ಒಡೆಯಬೇಕಾಗಿಲ್ಲ. ಕಬ್ಬಿಣದ ಗುಂಟ ಉಳಿ, ಸುತ್ತಿಗೆಯಿಂದ ಪ್ಲಾಸ್ಟರ್ ಮಾತ್ರ ಕೆತ್ತಿಸಿ. ಬ್ರೇಕರ್ ಬೇಡ, ಅದರ ನಡುಕಕ್ಕೆ ಹಳೇ ಸುಣ್ಣದ ಗಾರೆ ಸಡಿಲ ಆಗುತ್ತೆ.

ತುದಿ ಕಲ್ಲಿನ ಅಥವಾ ಕಾಂಕ್ರೀಟಿನ ಗಟ್ಟಿ ಮೇಲೆ ಕೂತಿದ್ದರೆ ಅದು ಭಾರ ಇಳಿಸುವ ಜಾಗ. ತುದಿಯ ಕೆಳಗೆ ಗೋಡೆಯಲ್ಲೇ ಕಂಬ ಅಡಗಿದ್ದರೆ ನೀವು ಒಡೆಯಬೇಕೆಂದಿರುವ ಗೋಡೆಯೇ ಆ ಕಂಬದ ಹೊದಿಕೆ. ಆಮೇಲೆ ಮಹಡಿ ಹತ್ತಿ. ಕೆಳಗಿನ ಗೋಡೆಯ ನೇರಕ್ಕೆ ಮೇಲೂ ಗೋಡೆ ಇದೆಯಾ? ನೀರಿನ ಟ್ಯಾಂಕ್ ಇದೆಯಾ? ಜಂತೆಗಳು ಯಾವ ದಿಕ್ಕಿಗೆ ಹೋಗಿವೆ? ಜಂತೆ, ಚಪ್ಪಡಿಗಳ ತುದಿ ಈ ಗೋಡೆ ಕಡೆಗೆ ಬಂದಿದ್ದರೆ ಭಾರ ಇದರ ಮೇಲಿದೆ.

ಶಿವಾಜಿನಗರದಂಥ ಕಡೆ ಇನ್ನೊಂದು ವಿಷಯ ಇದೆ. ಅಕ್ಕಪಕ್ಕದ ಮಳಿಗೆಗಳಿಗೆ ನಡುವಿನ ಗೋಡೆ ಒಂದೇ. ನಿಮ್ಮ ಗೋಡೆಯಲ್ಲಿ ಸಿಕ್ಕಿದ ಗರ್ಡರ್ ತುದಿ ಪಕ್ಕದವರ ಮಹಡಿಯದ್ದಾಗಿರಬಹುದು. ನಿಮ್ಮ ಅಂಗಡಿಗೆ ಅದು ಬೇಡವಾದ ಮೊಳೆ, ಅವರಿಗೆ ಅದೇ ನೆಲ.

ಭಾರ ಎಷ್ಟು ಅಂತ ಒಂದು ಲೆಕ್ಕ

ಇಂದಿರಾನಗರದ ಹಳೇ ಮನೆಯೊಂದರಲ್ಲಿ 12 ಅಡಿ ಉದ್ದದ ಒಳಗೋಡೆ, ಎರಡು ಕಡೆಯೂ 10 ಅಡಿ ಅಗಲದ ಕೋಣೆ, ಎರಡು ಕಡೆಯ ಮೋಲ್ಡ್ ಈ ಗೋಡೆ ಮೇಲೆ ಭಾರ ಇಳಿಸಿದೆ ಅಂತ ಇಟ್ಟುಕೊಳ್ಳಿ. ಪ್ರತಿ ಕೋಣೆಯ ಅರ್ಧ ಭಾರ ಗೋಡೆಗೆ. ಅಂದರೆ 120 ಚದರಡಿ.

5 ಇಂಚಿನ ಮೋಲ್ಡ್, ನೆಲಹಾಸು, ಮೇಲೆ ಓಡಾಡುವ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 600 ಕೆಜಿ. 120 ಚದರಡಿಗೆ ಹತ್ತಿರ ಹತ್ತಿರ 7 ಟನ್. ಮೇಲೆ ಅದೇ ನೇರಕ್ಕೆ 10 ಅಡಿ ಎತ್ತರದ 9 ಇಂಚಿನ ಇಟ್ಟಿಗೆ ಗೋಡೆ ಇದ್ದರೆ ಅದರದ್ದೇ 5 ಟನ್. ಅದರ ಮೇಲಿನ ತಾರಸಿ ಇನ್ನೊಂದು 6 ಟನ್. ಒಟ್ಟು 18 ಟನ್. ದಸರಾ ಅಂಬಾರಿ ಹೊರುವಂಥ ದೊಡ್ಡ ಗಂಡಾನೆಯ ತೂಕ 5 ಟನ್ ಅಂತ ಹಿಡಿದರೂ ಮೂರೂವರೆ ಆನೆ.

ಕಲ್ಲು ಚಪ್ಪಡಿಯೂ ಕಡಿಮೆ ಅಲ್ಲ. 6 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಒಂದೇ ಚಪ್ಪಡಿ ಸುಮಾರು 300 ಕೆಜಿ ತೂಗುತ್ತೆ.

ಮಹಡಿಯಲ್ಲಿದ್ದ ಮನೆ ಈಗ ಅಂಗಡಿ ಆಗಿದ್ದರೆ ಲೆಕ್ಕ ಬದಲಾಗುತ್ತೆ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಗೆ ಜನ, ಸಾಮಾನಿನ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ ಹಿಡಿದರೆ, ಚಿಲ್ಲರೆ ಅಂಗಡಿಗೆ 400 ಕೆಜಿ ಹಿಡಿಯಬೇಕು. ಗೋದಾಮಿಗೆ ಇನ್ನೂ ಜಾಸ್ತಿ.

ನಡುವಿನ ಕಂಬ ತೆಗೆದರೆ

"ಗರ್ಡರ್ ಹಾಗೇ ಇರಲಿ, ನಡುವೆ ಅಡ್ಡ ಬರುವ ಕಂಬ ಒಂದನ್ನು ತೆಗೀತೀವಿ, ಏನಾಗುತ್ತೆ?" ಅಂತ ಕೇಳುವವರಿದ್ದಾರೆ. 10 ಅಡಿಗೊಂದು ಆಸರೆ ಇದ್ದ ಗರ್ಡರ್ ಈಗ 20 ಅಡಿ ಹಾರಬೇಕು. ಅದೇ ಭಾರಕ್ಕೆ ಅದರ ಮೇಲೆ ಬೀಳುವ ಬಗ್ಗಿಸುವ ಒತ್ತಡ 4 ಪಟ್ಟು. ಜೋತು ಬೀಳೋದು ಕನಿಷ್ಠ 16 ಪಟ್ಟು. ಕಂಬ ತೆಗೆದ ದಿನವೇ ಬೀಳದೆ ಇರಬಹುದು. ಬಾಗಿದ ಗರ್ಡರ್ ಮೇಲಿನ ಗೋಡೆಯಲ್ಲಿ ಮೊದಲು ಕೂದಲೆಳೆ ಬಿರುಕು, ಆಮೇಲೆ ಮಳೆ ನೀರು, ಆಮೇಲೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಸುತ್ತಲಿನ ಗಾರೆಯನ್ನು ಸೀಳುತ್ತೆ.

ಬೇರೆ ಕಡೆ ಆಗಿರೋದು

2017ರ ಜುಲೈ 25ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಸಾಯಿ ದರ್ಶನ್ ಎಂಬ ವಸತಿ ಕಟ್ಟಡ ಕುಸಿದು 17 ಜನ ಸತ್ತರು. ಆಗ ನೆಲಮಹಡಿಯಲ್ಲಿ ನವೀಕರಣ ಕೆಲಸ ನಡೀತಾ ಇತ್ತು. ಭಾರ ಹೊತ್ತ ಭಾಗಗಳಿಗೇ ಕೈ ಹಾಕಿದ್ದರು ಅನ್ನೋದು ಪೊಲೀಸ್ ಕೇಸಿನ ಆರೋಪ. ಕೆಲಸ ಮಾಡಿಸಿದ್ದು ಕೆಳಗೆ, ಸತ್ತವರಲ್ಲಿ ಮೇಲಿನ ಮನೆಗಳ ಕುಟುಂಬಗಳಿದ್ದವು.

ನಮ್ಮ ಪೂರ್ವ ಭಾಗದಲ್ಲೇ, 2021ರ ಅಕ್ಟೋಬರ್ 7ರಂದು ಕಸ್ತೂರಿನಗರದಲ್ಲಿ ಒಂದು ಅಪಾರ್ಟ್‌ಮೆಂಟ್ ವಾಲಿ ಕುಸಿಯಿತು. ಅದು ಗೋಡೆ ಒಡೆದು ಆಗಿದ್ದಲ್ಲ. ಆದರೆ ಅಲ್ಲಿದ್ದವರು ಮುಂಚೆಯೇ ಹೊರಗೆ ಬಂದಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಕಟ್ಟಡ ಸುಳಿವು ಕೊಟ್ಟಾಗ ಕೇಳಿಸಿಕೊಂಡರೆ ಜೀವ ಉಳಿಯುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ.

ಹಾಗಾದರೆ ಏನು ಮಾಡಬೇಕು?

1. ಕಬ್ಬಿಣ ಕಂಡ ತಕ್ಷಣ ಆ ಗೋಡೆಯ ಕೆಲಸ ನಿಲ್ಲಿಸಿ. ಗ್ಯಾಸ್ ಕಟಿಂಗ್, ಗ್ರೈಂಡರ್ ಎರಡೂ ಬೇಡ. ಹಳೇ ಮರದ ಜಂತೆ ಇರುವ ಕಡೆ ಕಿಡಿ ಹಾರಿದರೆ ಬೆಂಕಿಯ ಭಯವೂ ಇದೆ.

2. ಈಗಾಗಲೇ ಇಟ್ಟಿಗೆ ಜಾಸ್ತಿ ತೆಗೆದಿದ್ದರೆ, ಅಲುಗಾಡುವ ಭಾಗದ ಕೆಳಗೆ ಯಾರೂ ನಿಲ್ಲಬಾರದು. ಕಬ್ಬಿಣದ ಜಾಕಿ, ಪ್ರಾಪ್ ಕೊಡಿಸಿ. ಸೂರಿಗೂ ಜಾಕಿಗೂ ನಡುವೆ ದಪ್ಪ ಮರದ ಹಲಗೆ ಇರಲಿ, ಜಾಕಿಯ ಕಾಲು ಬರೀ ಟೈಲ್ಸ್ ಮೇಲೆ ನಿಲ್ಲದಿರಲಿ.

3. ಟೇಪ್ ಹಿಡಿದು ಫೋಟೊ ತೆಗೆಯಿರಿ. ಕಬ್ಬಿಣದ ಎತ್ತರ, ಅಗಲ, ದಪ್ಪ, ಉದ್ದ, ನೆಲದಿಂದ ಎಷ್ಟು ಮೇಲಿದೆ, ಎರಡು ತುದಿ, ಮಹಡಿಯ ನೋಟ. ಇಷ್ಟಿದ್ದರೆ ಇಂಜಿನಿಯರ್‌ಗೆ ಅರ್ಧ ಕೆಲಸ ಆದಂತೆ.

4. ಸ್ಟ್ರಕ್ಚರಲ್ ಇಂಜಿನಿಯರ್ ಅವರನ್ನೇ ಕರೆಸಿ. ಇಂಟೀರಿಯರ್ ಮಾಡುವವರು, ಮೇಸ್ತ್ರಿ, ಫ್ಯಾಬ್ರಿಕೇಷನ್‌ನವರು ಎಷ್ಟೇ ಅನುಭವಸ್ಥರಾದರೂ ಭಾರದ ಲೆಕ್ಕ ಅವರ ಕೆಲಸ ಅಲ್ಲ. ಲೆಕ್ಕ, ನಕ್ಷೆ, ಸಹಿ ಕಾಗದದ ಮೇಲೆ ಇರಲಿ.

5. ಗೋಡೆ ತೆಗೆಯಲೇಬೇಕು ಅಂತಾದರೆ ಬದಲಿ ದಾರಿ ಇದೆ. ಮೊದಲು ಮೇಲಿನ ಭಾರವನ್ನು ತಾತ್ಕಾಲಿಕ ಆಸರೆಗೆ ವರ್ಗಾಯಿಸಿ, ಹೊಸ ಗರ್ಡರ್ ಏರಿಸಿ, ಅದರ ಎರಡು ತುದಿಗೂ ಕಾಂಕ್ರೀಟ್ ಬೆಡ್ ಬ್ಲಾಕ್ ಕೊಟ್ಟು, ಗರ್ಡರ್‌ಗೂ ಮೇಲಿನ ಗೋಡೆಗೂ ನಡುವಿನ ಸಂದನ್ನು ಗಟ್ಟಿ ಸಿಮೆಂಟ್ ಗಾರೆಯಿಂದ ತುಂಬಿ, ಅದು ಬಲಿತ ಮೇಲೆ ಆಸರೆ ತೆಗೆಯೋದು. ಈ ಕ್ರಮ ತಪ್ಪಿದರೆ ಗರ್ಡರ್ ಎಷ್ಟು ದಪ್ಪ ಇದ್ದರೂ ಉಪಯೋಗ ಇಲ್ಲ.

6. ಕಟ್ಟಡದ ರಚನೆ ಬದಲಾಗುವ ಕೆಲಸಕ್ಕೆ ಪಾಲಿಕೆಯ ಅನುಮತಿ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ. ಕೆ.ಆರ್. ಪುರದವರು ಪೂರ್ವ ನಗರ ಪಾಲಿಕೆಗೆ, ಶಿವಾಜಿನಗರದವರು ಕೇಂದ್ರ ನಗರ ಪಾಲಿಕೆಗೆ ಹೋಗಬೇಕು. ಅಪಾರ್ಟ್‌ಮೆಂಟ್ ಆಗಿದ್ದರೆ ಸಂಘದವರಿಗೂ ತಿಳಿಸಿ.

ಬಾಡಿಗೆಗೆ ಇರುವ ಅಂಗಡಿಯವರಿಗೆ ಒಂದು ಮಾತು. ಮಾಲೀಕರು ಫೋನಿನಲ್ಲಿ "ಮಾಡ್ಕೊಳ್ಳಿ" ಅಂದಿದ್ದು ಸಾಲದು. ಯಾವ ಗೋಡೆ, ಎಷ್ಟು ಅಗಲ, ಯಾರ ನಕ್ಷೆ ಅಂತ ಬರೆದು ಸಹಿ ಹಾಕಿಸಿಕೊಳ್ಳಿ. ಮಾಲೀಕರಿಗೂ ಅಷ್ಟೇ: ಶೋರೂಮ್‌ನವರು ಒಳಗೆ ಪರದೆ ಕಟ್ಟಿ ಏನು ಮಾಡ್ತಿದ್ದಾರೆ ಅಂತ ವಾರಕ್ಕೊಮ್ಮೆ ಹೋಗಿ ನೋಡಿ. ಬಾಡಿಗೆ ಕರಾರಿನಲ್ಲಿ ಗೋಡೆ ವಿಷಯ ಪ್ರತ್ಯೇಕವಾಗಿ ಬರೆಸಿ.

ಈ ಲಕ್ಷಣ ಕಂಡರೆ ಕಾಯಬೇಡಿ

ಬಾಗಿಲು, ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಬಿರುಕು. ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಬಿಗಿ. ಸೂರಿನಿಂದ ಸುಣ್ಣದ ಪುಡಿ ಉದುರೋದು. ಗೋಡೆಯಿಂದ ಟಕ್ ಟಕ್ ಸದ್ದು. ನೆಲ ಒಂದು ಕಡೆ ಇಳಿದಂತೆ ಅನಿಸೋದು.

ಬಿರುಕು ಸಣ್ಣದಾಗಿದ್ದರೆ ಅದರ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಮುಂದೆ ಹೋದರೆ ಕಟ್ಟಡ ಚಲಿಸುತ್ತಿದೆ ಅಂತ ಅರ್ಥ, ಇಂಜಿನಿಯರ್‌ಗೆ ಅವತ್ತೇ ಹೇಳಿ. ಬಿರುಕು ಕಣ್ಣೆದುರೇ ಬೆಳೆದರೆ, ಸದ್ದು ಬಂದರೆ, ಸಾಮಾನು ನೋಡಬೇಡಿ. ಮಹಡಿಯವರನ್ನೂ ಪಕ್ಕದವರನ್ನೂ ಕರೆದುಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ.

ಇಂಜಿನಿಯರ್ ಬಂದು ನೋಡಿ ಹೋಗಲು ಒಂದೆರಡು ದಿನ ಕೆಲಸ ನಿಲ್ಲಬಹುದು. ಅವರು "ಇದು ಬರೀ ಹಳೇ ಪೈಪು, ತೆಗೆಯಿರಿ" ಅಂದರೆ ಒಳ್ಳೆಯದೇ, ಆಗ ಗುಜರಿಗೆ ಹಾಕಿ. ಅಲ್ಲಿಯವರೆಗೆ ಆ ಕಬ್ಬಿಣ ಇದ್ದ ಕಡೆಯೇ ಇರಲಿ.